ಖಾಲಿ ಕೂತ ಜಾಬ್‌ಗಳನ್ನು ಮುಗಿಸುವ ಮುನ್ನ

ಪದ್ಮನಾಭನಗರದ ಮನೆಯಿಂದಲೇ ನಾನು ಒಂದು ಬಿಡಿಭಾಗಗಳ ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. 1988ರಲ್ಲಿ ಐಬಿಎಂ ಹೊರತಂದ ಎಎಸ್/400ರ ವಂಶದ್ದು. ಈಗ ಪವರ್ ಸರ್ವರ್ ಮೇಲೆ ಓಡುವ ಈ ವ್ಯವಸ್ಥೆಗೆ ‘ಐಬಿಎಂ ಐ’ ಎಂಬ ಹೆಸರಿದೆ, ನಮ್ಮ ಬಾಯಲ್ಲಿ ಇನ್ನೂ ಎಎಸ್/400. ಸ್ಟಾಕ್, ಬಿಲ್, ಡಿಸ್ಪ್ಯಾಚ್ ಎಲ್ಲ ಅದರಲ್ಲೇ.

ಆಕ್ಟಿವ್ ಜಾಬ್‌ಗಳ, ಅಂದರೆ ಯಂತ್ರದಲ್ಲಿ ಆ ಹೊತ್ತಿಗೆ ತೆರೆದಿರುವ ಕೆಲಸಗಳ, ಪಟ್ಟಿ ತೆಗೆದರೆ ಪುಟಗಟ್ಟಲೆ ಒಂದೇ ಹೆಸರು: ಕ್ಯೂಝಡ್‌ಡಿಎಎಸ್‌ಓಇನಿಟ್. ಹೊರಗಿನ ಅಪ್ಲಿಕೇಶನ್‌ಗಳು ಡೇಟಾಬೇಸ್ ಕೇಳಿಕೊಂಡು ಬಂದಾಗ ಉತ್ತರಿಸುವ ಜಾಬ್‌ಗಳಿವು. ಹೆಚ್ಚಿನವುಗಳ ಸಿಪಿಯು ಸೊನ್ನೆ. ಅದನ್ನು ಕಂಡ ಮೇಲಿನವರು ‘ರಾತ್ರಿ ಎಲ್ಲವನ್ನೂ ಎಂಡ್ ಮಾಡುವ ಪ್ರೋಗ್ರಾಂ ಹಾಕಿ’ ಎನ್ನುತ್ತಾರೆ. ಅದು ತಪ್ಪು ಮದ್ದು.

ದೇವೇಗೌಡ ಪೆಟ್ರೋಲ್ ಬಂಕ್ ಬಳಿ ಸವಾರಿಗೆ ಕಾಯುವ ಆಟೊವನ್ನು ಯಾರೂ ದಂಡ ಎನ್ನುವುದಿಲ್ಲ. ಸ್ಟೇಟಸ್ ಕಾಲಮ್ಮಿನಲ್ಲಿ ಪಿಎಸ್‌ಆರ್‌ಡಬ್ಲ್ಯು ಎಂದಿರುವ ಜಾಬ್ ಅಂಥದ್ದು. ಹೊಸ ಜಾಬ್ ಹುಟ್ಟಿಸಲು ಹೊತ್ತು ಹಿಡಿಯುತ್ತದೆಂದೇ ಕೆಲವನ್ನು ಮೊದಲೇ ಎಬ್ಬಿಸಿ ಇಟ್ಟಿರುತ್ತಾರೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ 200 ಸಲ ಬಳಕೆಯಾದ ಮೇಲೆ ಅಂಥ ಜಾಬನ್ನು ಸಿಸ್ಟಮ್ಮೇ ಮುಗಿಸುತ್ತದೆ.

ಕಾಟ ಕೊಡುವವು ಬೇರೆ. ಅಪ್ಲಿಕೇಶನ್ ಕನೆಕ್ಷನ್ ತೆರೆದು ಮುಚ್ಚಿರುವುದಿಲ್ಲ, ಅಥವಾ ಯಾರೋ ಅಪ್‌ಡೇಟ್ ನಡುವೆ ಲ್ಯಾಪ್‌ಟಾಪ್ ಮಡಚಿ ಮನೆಗೆ ಹೋಗಿರುತ್ತಾರೆ. ಆಚೆ ಯಾರೂ ಇಲ್ಲ. ಈಚೆ ಜಾಬ್ ತಾತ್ಕಾಲಿಕ ಸ್ಟೋರೇಜ್ ಹಿಡಿದು, ಕೆಲವೊಮ್ಮೆ ಬೇರೆಯವರು ತಿದ್ದಲಾಗದಂತೆ ರೆಕಾರ್ಡ್‌ಗೆ ಲಾಕ್ ಹಾಕಿ ಕೂತಿರುತ್ತದೆ. ಲಾರಿ ಗೇಟಿನಲ್ಲಿ ನಿಂತಿದೆ, ಡಿಸ್ಪ್ಯಾಚ್ ಗುಮಾಸ್ತೆಯ ಸ್ಕ್ರೀನ್ ಮಾತ್ರ ಅಲುಗಾಡುವುದಿಲ್ಲ. ಬೈಗುಳ ತಿನ್ನುವವಳು ಅವಳು! ನನಗೆ ಸಿಟ್ಟು ಬರುವುದು ಇದಕ್ಕೇ. ನೆಟ್‌ವರ್ಕ್ ಕಡಿದರೂ ಆಚೆಯವರು ಇದ್ದಾರೋ ಇಲ್ಲವೋ ಎಂದು ಟಿಸಿಪಿ ಕೀಪ್‌ಅಲೈವ್ ವಿಚಾರಿಸುವುದು ಮಾಮೂಲಿ ಸೆಟ್ಟಿಂಗ್‌ನಲ್ಲಿ 120 ನಿಮಿಷದ ಮೇಲೆ. ಅದನ್ನು ಇಳಿಸಬಹುದು, ಎಷ್ಟೋ ಕಡೆ ಯಾರೂ ಮುಟ್ಟಿರುವುದಿಲ್ಲ.

ಕಣ್ಣು ಮುಚ್ಚಿ ಎಂಡ್ ಮಾಡಿದರೆ ಕಮಿಟ್ ಆಗದ ಕೆಲಸವೆಲ್ಲ ರೋಲ್‌ಬ್ಯಾಕ್ ಆಗಿ, ರಾತ್ರಿ ಪಾಳಿಯವರ ಎಂಟ್ರಿಗಳು ಹೋಗಬಹುದು. ಮರುದಿನ ಅದೇ ಅಪ್ಲಿಕೇಶನ್ ಮತ್ತೆ ಅಷ್ಟೇ ಕನೆಕ್ಷನ್ ತೆರೆಯುತ್ತದೆ. ಯಾವ ಯೂಸರ್ ಯಾವ ಯಂತ್ರದಿಂದ ಬಂದ ಎಂಬುದು ಜಾಬ್ ಲಾಗ್‌ನಲ್ಲೇ ಸಿಗುತ್ತದೆ. ಮೊದಲು ಅದನ್ನು ಓದಬೇಕು, ಆಮೇಲೆ ಆ ಅಪ್ಲಿಕೇಶನ್ ಬರೆದವರನ್ನು ಕೂರಿಸಿಕೊಂಡು ಸರಿ ಮಾಡಿಸಬೇಕು. ಎಂಡ್ ಮಾಡುವುದು ಕೊನೆಯ ದಾರಿ.

ಕಾರ್ಖಾನೆ, ಬ್ಯಾಂಕುಗಳಲ್ಲಿ ಸಹಿ ಹಾಕುವ ಸ್ಥಾನದಲ್ಲಿರುವವರಲ್ಲಿ ನನ್ನ ಕೋರಿಕೆ ಇಷ್ಟು: ಹೊಸ ಸಾಫ್ಟ್‌ವೇರ್ ಒಪ್ಪಿಕೊಳ್ಳುವ ಮೊದಲು ಅದು ಎಷ್ಟು ಕನೆಕ್ಷನ್ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂದು ಬರಹದಲ್ಲಿ ಕೇಳಿ. ಉತ್ತರ ಬಾರದಿದ್ದರೆ ಸಹಿ ಹಾಕಬೇಡಿ.