ಲರ್ನರ್ಸ್ ಸಿಕ್ಕಿತು, ಇನ್ನು ಕಾರು ಕಲಿಯುವುದೆಲ್ಲಿ?

ಕಾಸರಗೋಡು: ಪ್ಲಸ್ ಟು ಮುಗಿದು ಹದಿನೆಂಟು ತುಂಬಿದ ಕೂಡಲೇ ಮಕ್ಕಳದ್ದು ಒಂದೇ ಬೇಡಿಕೆ, ಕಾರು ಕಲಿಯಬೇಕು. ಲರ್ನರ್ಸ್ ಮಾಡಿಸಿ ಡ್ರೈವಿಂಗ್ ಸ್ಕೂಲಿಗೆ ಫೀಸು ಕಟ್ಟಿದ್ದೂ ಆಗುತ್ತದೆ. ಅಲ್ಲಿ ಕಂಬ ನೋಡಿ ಸ್ಟಿಯರಿಂಗ್ ತಿರುಗಿಸಿ 'ಎಚ್' ಹಾಕಲು ಕಲಿಸುತ್ತಾರೆ. ಅದು ಪಾಸಾಗುವ ವಿದ್ಯೆ. ಕೈ ಕುದುರಬೇಕಾದರೆ ಬೇಕಾಗುವ ಗಂಟೆಗಟ್ಟಲೆ ಅಭ್ಯಾಸವನ್ನು ಎಲ್ಲಿ ಮಾಡಿಸುವುದು ಎಂಬುದು ಅಪ್ಪ-ಅಮ್ಮನ ತಲೆನೋವು.

ಈ ಪ್ರಶ್ನೆಯನ್ನು ಎತ್ತಿದವರು ಕಡಿಮೆ. ಕೇರಳದಲ್ಲಿ ಗಲಾಟೆಯೆಲ್ಲ ನಡೆದದ್ದು ಟೆಸ್ಟಿನ ಸುತ್ತವೇ. 2024ರ ಫೆಬ್ರವರಿಯಲ್ಲಿ ಸಾರಿಗೆ ಆಯುಕ್ತರ ಸುತ್ತೋಲೆ ಬಂತು. ಬರೇ 'ಎಚ್' ಸಾಲದು. ಓರೆಯಾಗಿ, ಸಾಲಾಗಿ ಪಾರ್ಕ್ ಮಾಡುವುದು, ಅಂಕುಡೊಂಕಾಗಿ ಓಡಿಸುವುದು, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಮುಂದಕ್ಕೆ ತೆಗೆಯುವುದು ಎಲ್ಲ ಬರಬೇಕು ಎಂದಿತು. ಮೇ ತಿಂಗಳಲ್ಲಿ ಡ್ರೈವಿಂಗ್ ಸ್ಕೂಲಿನವರು ಮುಷ್ಕರ ಹೂಡಿದರು. ಆಗ ಸಾರಿಗೆ ಸಚಿವರಾಗಿದ್ದ ಕೆ.ಬಿ. ಗಣೇಶ್ ಕುಮಾರ್ ಜತೆ ಮಾತುಕತೆಯಾಗಿ ದಿನಕ್ಕೆ 40 ಟೆಸ್ಟ್ ಎಂದು ರಾಜಿಯಾಯಿತು. 2025ರ ಜುಲೈಯಲ್ಲಿ ಹೈಕೋರ್ಟು ಆ ಸುತ್ತೋಲೆಯನ್ನೇ ರದ್ದುಪಡಿಸಿತು.

ಕೋರ್ಟಿನ ಮಾತು ಹಾಗಿರಲಿ, ಸುತ್ತೋಲೆಯ ಉದ್ದೇಶದಲ್ಲಿ ತಪ್ಪಿರಲಿಲ್ಲ ಎಂದೇ ಹೇಳಬೇಕು. ಏರಿನಲ್ಲಿ ಕಾರು ತೆಗೆಯಲು ಬಾರದ ಹುಡುಗ ಪೆರ್ಲ, ಮುಳ್ಳೇರಿಯ ಕಡೆ ಲೈಸನ್ಸ್ ಇಟ್ಟುಕೊಂಡು ಏನು ಮಾಡುವುದು? ಆದರೆ ಕಷ್ಟದ ಟೆಸ್ಟ್ ಇಟ್ಟವರು ಕಲಿಯುವ ಜಾಗವನ್ನು ಮಾತ್ರ ಕೊಡಲಿಲ್ಲ.

ಜಾಗದ ವಿಷಯದಲ್ಲಿ ನಮ್ಮಲ್ಲೊಂದು ತಪ್ಪು ತಿಳುವಳಿಕೆ ಬೇರೂರಿದೆ. "ರಸ್ತೆಗೆ ಹೋಗುವುದಿಲ್ಲವಲ್ಲ, ಗ್ರೌಂಡಿನಲ್ಲಿ ಎರಡು ಸುತ್ತು ಹಾಕಲಿ" ಎಂದು ಹದಿನೈದು-ಹದಿನಾರರ ಮಕ್ಕಳ ಕೈಗೆ ಕೀ ಕೊಡುವವರಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕರಿಗೆ ಹೋಗಿಬರಲು ಹಕ್ಕಿರುವ ಯಾವುದೇ ಸ್ಥಳವೂ ಸಾರ್ವಜನಿಕ ಸ್ಥಳವೇ, ರಸ್ತೆಯೇ ಆಗಬೇಕೆಂದಿಲ್ಲ. ಕಡಲ ಕಿನಾರೆಯೂ ಅದರೊಳಗೆ ಬರುತ್ತದೆ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷಕ್ಕೆ ರದ್ದು. ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸನ್ಸೂ ಇಲ್ಲ, ಲರ್ನರ್ಸೂ ಇಲ್ಲ. ಹದಿನಾರಕ್ಕೆ ಲೈಸನ್ಸ್ ಸಿಗುತ್ತದಲ್ಲಾ ಎನ್ನುವವರು ಗಮನಿಸಬೇಕು: ಅದು 50 ಸಿಸಿ ಮೀರದ, ಗೇರಿಲ್ಲದ ದ್ವಿಚಕ್ರಕ್ಕೆ ಮಾತ್ರ. ಈಗ ಮನೆಮನೆಯಲ್ಲಿರುವ ಸ್ಕೂಟರುಗಳು 110, 125 ಸಿಸಿಯವು.

ಹಾಗಾದರೆ ಹದಿನೆಂಟಾಗಿ, ಲರ್ನರ್ಸ್ ಕೈಯಲ್ಲಿದ್ದವರು ಎಲ್ಲಿಗೆ ಹೋಗಬೇಕು? ಮೊದಲು ನೆನಪಾಗುವುದು ಪದವು. ಮುರಕಲ್ಲಿನ ಬಯಲು ಸಮತಟ್ಟು, ಅಡ್ಡ ಬರುವ ಮರ-ಗೋಡೆ ಇಲ್ಲ, ದೂರದವರೆಗೆ ಕಾಣುತ್ತದೆ. ಆದರೆ ಅದೇ ಬಯಲಿನಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳೂ ಇವೆ. ಗೋಡೆಯಂತೆ ನೆಟ್ಟಗೆ ಕಡಿದ ಹೊಂಡ, ಎಷ್ಟೋ ಕಡೆ ಸುತ್ತ ಬೇಲಿಯಿಲ್ಲ, ಮಳೆಗಾಲದಲ್ಲಿ ನೀರು ತುಂಬಿದರೆ ಆಳವೇ ತಿಳಿಯದು. ಬ್ರೇಕ್ ಎಂದು ಆಕ್ಸಿಲರೇಟರ್ ತುಳಿಯುವುದು ಹೊಸಬರ ಮಾಮೂಲಿ ತಪ್ಪು. ಆದ್ದರಿಂದ ಮೊದಲು ನಡೆದುಕೊಂಡು ಹೋಗಿ ಇಡೀ ಬಯಲು ನೋಡಿ ಬರಬೇಕು, ಕೋರೆ ಇರುವ ಪದವಿನ ಹತ್ತಿರವೂ ಸುಳಿಯಬಾರದು. ಜೂನ್ ಬಂತೆಂದರೆ ಪಾಚಿ ಹಿಡಿದು ಜಾರುತ್ತದೆ, ಆಗ ಪದವು ಬೇಡವೇ ಬೇಡ.

ಮಳೆಗಾಲಕ್ಕೆ ಇನ್ನೊಂದು ದಾರಿಯಿದೆ. ಆಟಿ ತಿಂಗಳಲ್ಲಿ ಮದುವೆಗಳಿಲ್ಲ, ಆಡಿಟೋರಿಯಂಗಳ ಅಂಗಳ ಖಾಲಿ. ಇಂಟರ್‌ಲಾಕ್ ಹಾಸಿದ ನೆಲ, ಸುತ್ತ ಕಂಪೌಂಡು, ಗೇಟು ಹಾಕಿದರೆ ಹೊರಗಿನವರು ಬರುವಂತಿಲ್ಲ. ಮಾಲಕರಲ್ಲಿ ಕೇಳಿದರೆ ಬೆಳಗ್ಗೆ ಒಂದು ಗಂಟೆ ಬಿಟ್ಟುಕೊಡಲು ಹೆಚ್ಚಿನವರು ಒಪ್ಪಿಯಾರು. ನೀರು ತುಂಬಿದ ನಾಲ್ಕು ಬಾಟ್ಲಿ ನಿಲ್ಲಿಸಿ ರಿವರ್ಸ್, ಪಾರ್ಕಿಂಗ್ ಎಲ್ಲ ಕಲಿಸಬಹುದು. ಶಾಲೆಯ ಮೈದಾನವಾದರೆ ಹೆಡ್‌ಮಾಸ್ತರರ ಅನುಮತಿ ಬೇಕು, ಅದೂ ಕ್ರಿಕೆಟಿನ ಮಕ್ಕಳು ಬರುವ ಮೊದಲು. ಕಡಲ ಕಿನಾರೆ ಮಾತ್ರ ಬೇಡ. ಮೆದು ಹೊಯ್ಗೆಯಲ್ಲಿ ಚಕ್ರ ಹೂತರೆ ಕಲಿಯುವುದು ಹೋಗಿ ಎಳೆಯುವ ಕೆಲಸವಾಗುತ್ತದೆ, ಉಪ್ಪು ನೀರು ಅಡಿಭಾಗವನ್ನು ತುಕ್ಕು ಹಿಡಿಸುತ್ತದೆ.

ಜಾಗ ಸಿಕ್ಕಿದರೂ ನಿಯಮ ಬಿಡುವುದಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಬ್ರೇಕ್ ಇರುತ್ತದೆ, ಮನೆಯ ಕಾರಿನಲ್ಲಿ ಇರುವುದು ಕೈಬ್ರೇಕ್ ಒಂದೇ. ಲೈಸನ್ಸ್ ಇರುವವರು ಗಾಡಿ ನಿಲ್ಲಿಸಲು ಸಾಧ್ಯವಾಗುವ ಜಾಗದಲ್ಲೇ ಕೂತಿರಬೇಕು, ಎದುರು ಮತ್ತು ಹಿಂದೆ ಬಿಳಿಯಲ್ಲಿ ಕೆಂಪು 'ಎಲ್' ಇರಬೇಕು. ಅಂದರೆ ಅಪ್ಪ ಎದುರಿನ ಸೀಟಿನಲ್ಲಿ, ಮೊಬೈಲು ಕಿಸೆಯಲ್ಲಿ, ಕೈ ಬ್ರೇಕಿನ ಮೇಲೆ. ವಿಮೆಯ ಪಾಲಿಸಿಯಲ್ಲೂ ಸಾಮಾನ್ಯವಾಗಿ ಇದೇ ಷರತ್ತು ಇರುತ್ತದೆ, ಹಾಗಾಗಿ 'ಎಲ್' ಅಂಟಿಸದೆ ಹೊರಟು ಏನಾದರೂ ಆದರೆ ಕ್ಲೈಮಿನಲ್ಲೂ ತಕರಾರು ಬಂದೀತು. ತಲಪಾಡಿ ದಾಟಿದರೆ ಇಲ್ಲಿಯ ಲರ್ನರ್ಸ್ ನಡೆಯುವುದಿಲ್ಲ ಎನ್ನುವ ಮಾತೂ ಕೇಳಿಬರುತ್ತದೆ. ಅದು ಸರಿಯಲ್ಲ, ಲರ್ನರ್ಸ್ ದೇಶದಾದ್ಯಂತ ಸಿಂಧು. ಮಂಗಳೂರು, ಪುತ್ತೂರಿನಲ್ಲಿ ಓದುವ ಮಕ್ಕಳು ಅಲ್ಲಿಯೂ ಅಭ್ಯಾಸ ಮಾಡಬಹುದು, ಷರತ್ತು ಅದೇ.

ಲರ್ನರ್ಸಿಗೆ ಆರು ತಿಂಗಳ ಅವಧಿಯಿದೆ, ಟೆಸ್ಟಿಗೆ 30 ದಿನ ಕಳೆದಿದ್ದರೆ ಸಾಕು. ನಮ್ಮವರು 31ನೇ ದಿನಕ್ಕೇ ಸ್ಲಾಟ್ ಹುಡುಕುತ್ತಾರೆ, ಏನು ಅವಸರವೋ! ಅಂಗಳದಲ್ಲಿ ಕೈ ಕುದುರಿದ ಮೇಲೆ ಬೆಳಗ್ಗಿನ ಹೊತ್ತು ಬಸ್ಸಿಲ್ಲದ ಪಂಚಾಯತ್ ರಸ್ತೆ, ಆಮೇಲೆ ಏರು-ಇಳಿತದ ರಸ್ತೆ, ಹೆದ್ದಾರಿಯ ಸರ್ವಿಸ್ ರಸ್ತೆ ಎಲ್ಲದಕ್ಕಿಂತ ಕೊನೆಗೆ. ಅಲ್ಲಿ ಅಡ್ಡ ಬರುವ ಸ್ಕೂಟರು, ನಿಂತ ಲಾರಿ, ದಾಟುವ ಜನ ಎಲ್ಲ ಒಟ್ಟಿಗೆ ಎದುರಾಗುತ್ತವೆ.

ಕುಂಬಳೆ ಸಮೀಪದ ಬೇಳದಲ್ಲಿ ಕಂಪ್ಯೂಟರೀಕೃತ ಟೆಸ್ಟ್ ಮೈದಾನವಿದೆ. ಟೆಸ್ಟ್ ಇಲ್ಲದ ರಜಾದಿನಗಳಲ್ಲಿ, ಸಣ್ಣ ಶುಲ್ಕ ಪಡೆದು, ಲರ್ನರ್ಸ್ ಇರುವವರಿಗೆ ಸರದಿಯಂತೆ ಅದನ್ನು ಬಿಟ್ಟುಕೊಡಲು ಇಲಾಖೆಗೆ ಏನು ಅಡ್ಡಿ? ಪಂಚಾಯತುಗಳೂ ತಮ್ಮ ವಶದಲ್ಲಿರುವ, ಕೋರೆಯಿಲ್ಲದ ಒಂದು ಬಯಲು ಗುರುತಿಸಿ ಬೇಲಿ ಹಾಕಿಸಬಹುದು. ಮುಂದಿನ ಗ್ರಾಮಸಭೆಯಲ್ಲಿ ದಾರಿದೀಪ, ಕುಡಿಯುವ ನೀರಿನ ಜತೆ ಇದನ್ನೂ ಬರೆದುಕೊಡಲು ಹೆತ್ತವರಿಗೆ ಅವಕಾಶವಿದೆ.