ಗುಮ್ಮಟದ ಕೆಳಗಿನ ಅಕ್ಷರ

ಶಾಲೆಯ ಗಣಕ ಕೊಠಡಿಯಲ್ಲಿ ಕನ್ನಡ ಮಾಧ್ಯಮದ ಮಗುವಿನ ಮುಂದಿರುವ ಕೀಲಿಮಣೆಯ ಮೇಲೆ ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರಗಳಷ್ಟೇ ಇರುತ್ತವೆ. ಅದನ್ನು ಕಂಡು, ಈ ಯಂತ್ರ ತಮ್ಮ ಭಾಷೆಗಾಗಿ ಹುಟ್ಟಿದ್ದಲ್ಲವೆಂದು ಮಗುವೂ ಹೆತ್ತವರೂ ಭಾವಿಸುವುದುಂಟು. ಈ ಭಾವನೆ ಎಷ್ಟರಮಟ್ಟಿಗೆ ನಿಜವೆಂದು ತಿಳಿಯಲು ಕೀಲಿಮಣೆಯ ಒಳಗನ್ನು ನೋಡಬೇಕು.

ಸಾಧಾರಣ ಬೆಲೆಯ ಕೀಲಿಮಣೆಯಲ್ಲಿ ಪ್ರತಿ ಕೀಲಿಯ ಅಡಿಯಲ್ಲೂ ಒಂದು ಪುಟ್ಟ ರಬ್ಬರ್ ಗುಮ್ಮಟವಿರುತ್ತದೆ. ವಿಜಯಪುರದ ಗೋಳಗುಮ್ಮಟವನ್ನು ಬೆರಳ ತುದಿಯಷ್ಟಕ್ಕೆ ಕುಗ್ಗಿಸಿಟ್ಟಂತೆ. ಇದು ಕಾಸರಗೋಡಿನ ತೋಟಗಳಲ್ಲಿ ಮರದಿಂದ ಒಸರುವ ರಬ್ಬರಲ್ಲ, ಹೆಚ್ಚಾಗಿ ಸಿಲಿಕೋನ್. ನೂರಕ್ಕೆ ಮಿಕ್ಕ ಗುಮ್ಮಟಗಳನ್ನು ಒಂದೇ ಹಾಳೆಯಾಗಿ ಅಚ್ಚು ಹೊಯ್ಯಬಹುದಾದ್ದರಿಂದ ತಯಾರಿಕೆಯ ವೆಚ್ಚ ಕಡಿಮೆ.

ಗುಮ್ಮಟಗಳ ಕೆಳಗೆ ಮೂರು ತೆಳುವಾದ ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಮೇಲಿನ ಮತ್ತು ಕೆಳಗಿನ ಹಾಳೆಗಳ ಮೇಲೆ ವಿದ್ಯುತ್ ಹರಿಯಬಲ್ಲ ಶಾಯಿಯಿಂದ ಗೆರೆಗಳನ್ನು ಮುದ್ರಿಸಿರುತ್ತಾರೆ. ನಡುವಿನ ಹಾಳೆ ಅವೆರಡನ್ನೂ ಬೇರ್ಪಡಿಸುತ್ತದೆ; ಆದರೆ ಪ್ರತಿ ಕೀಲಿಯ ನೇರಕ್ಕೆ ಅದರಲ್ಲೊಂದು ರಂಧ್ರವಿದೆ. ಬೆರಳು ಒತ್ತಿದಾಗ ಗುಮ್ಮಟ ಕುಸಿದು, ಮೇಲಿನ ಹಾಳೆ ರಂಧ್ರದ ಮೂಲಕ ಕೆಳಗಿನದಕ್ಕೆ ತಾಗಿ, ವಿದ್ಯುನ್ಮಂಡಲ ಪೂರ್ಣಗೊಳ್ಳುತ್ತದೆ. ಬೆರಳೆತ್ತಿದೊಡನೆ ಗುಮ್ಮಟ ತಾನಾಗಿ ಮೇಲೇಳುತ್ತದೆ.

ಈ ಗೆರೆಗಳು ಅಡ್ಡಸಾಲು, ಕಂಬಸಾಲುಗಳ ಜಾಲವಾಗಿ ಹೆಣೆದುಕೊಂಡಿವೆ. ಒಳಗಿನ ಚಿಕ್ಕ ಚಿಪ್ ಈ ಜಾಲವನ್ನು ಎಡೆಬಿಡದೆ ಪರೀಕ್ಷಿಸುತ್ತ, ಯಾವ ಅಡ್ಡಸಾಲು ಯಾವ ಕಂಬಸಾಲಿಗೆ ತಾಗಿತೆಂದು ಗುರುತಿಸಿ, ಆ ಸ್ಥಾನಕ್ಕೊಂದು ಸಂಖ್ಯೆಯನ್ನು ಗಣಕಕ್ಕೆ ಕಳುಹಿಸುತ್ತದೆ. ಅದು ಕಳುಹಿಸುವುದು ಸಂಖ್ಯೆಯನ್ನೇ ಹೊರತು ಅಕ್ಷರವನ್ನಲ್ಲ. ಆ ಸಂಖ್ಯೆ ಯಾವ ಅಕ್ಷರವಾಗಬೇಕೆಂದು ನಿರ್ಧರಿಸುವುದು ಗಣಕದೊಳಗಿನ ತಂತ್ರಾಂಶ. ಕೀಲಿಯ ಮೇಲಿನ ಅಚ್ಚು ಕೇವಲ ಗುರುತು. ಗುಮ್ಮಟಕ್ಕೆ ಯಾವ ಭಾಷೆಯೂ ಇಲ್ಲ.

ಆದುದರಿಂದ ಯಾವ ಹಳೆಯ ಕೀಲಿಮಣೆಯಲ್ಲಾದರೂ ಕನ್ನಡ ಬರೆಯಬಹುದು. ನುಡಿ ತಂತ್ರಾಂಶದಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸವಿದೆ. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಅಂಗೀಕರಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಇದೆ. ಗಡಿಯಾಚೆಯ ಮಕ್ಕಳಿಗೆ ಎರಡನೆಯದರಿಂದ ವಿಶೇಷ ಪ್ರಯೋಜನವುಂಟು. ಅದರಲ್ಲಿ ಕನ್ನಡದ ‘ಕ’ ಇರುವ ಕೀಲಿಯಲ್ಲೇ ಮಲಯಾಳ, ತೆಲುಗು, ತಮಿಳು, ಮರಾಠಿಗಳ ‘ಕ’ ಕೂಡ ಇದೆ. ಕನ್ನಡದಲ್ಲಿ ಪಳಗಿದ ಬೆರಳುಗಳು ರಾಜ್ಯಭಾಷೆಯನ್ನು ಬರೆಯುವಾಗ ಮೊದಲಿನಿಂದ ಕಲಿಯಬೇಕಾಗುವುದಿಲ್ಲ. ಮನೆಮಾತಿನ ಕಲಿಕೆ ಇಲ್ಲಿ ಹೊರೆಯಲ್ಲ, ಬಂಡವಾಳ.

ಉಪಕರಣದ ಆರೈಕೆಗೂ ಈ ತಿಳಿವಳಿಕೆ ನೆರವಾಗುತ್ತದೆ. ಒಂದೇ ಕೀಲಿ ಕೆಟ್ಟಿದ್ದರೆ ಕಸ ಸೇರಿರಬಹುದು ಅಥವಾ ಗುಮ್ಮಟ ಹರಿದಿರಬಹುದು. ಹಲವು ಕೀಲಿಗಳು ಒಟ್ಟಿಗೆ ಕೆಟ್ಟಿದ್ದರೆ ಮುದ್ರಿತ ಗೆರೆ ತುಂಡಾಗಿರುವ ಸಂಭವ ಹೆಚ್ಚು. ಸಕ್ಕರೆ ಬೆರೆತ ಚಹಾ ಹಾಳೆಗಳ ನಡುವೆ ಇಳಿದರೆ ಅಂಟಾಗಿ ಉಳಿದು ಗೆರೆಗಳನ್ನು ಕೆಡಿಸುತ್ತದೆ. ಚೆಲ್ಲಿದೊಡನೆ ತಂತಿ ಕಳಚಿ, ಮಣೆಯನ್ನು ಬೋರಲು ಹಾಕಬೇಕು.

ಮುಂದಿನ ಬಾರಿ ಮಗು ಗಣಕದ ಮುಂದೆ ಕುಳಿತಾಗ ಹೆತ್ತವರು ಅದರ ಭಾಷಾ ಪಟ್ಟಿಗೆ ಕನ್ನಡವನ್ನು ಸೇರಿಸಿಕೊಡಲಿ. ಮಗು ಮೊದಲು ತನ್ನ ಹೆಸರನ್ನು ಬರೆಯಲಿ. ಉಳಿದುದನ್ನು ಗುಮ್ಮಟಗಳು ನೋಡಿಕೊಳ್ಳುತ್ತವೆ.