ಪೊಟ್ಟಣದ ಶಿಕ್ಷೆ ಯಾರ ಕೊರಳಿಗೆ?

ಗಾಂಜಾ ಸೇದುವವರನ್ನು ವರ್ಷಗಟ್ಟಲೆ ಒಳಗೆ ಹಾಕಬೇಕು, ಕಾನೂನು ಇನ್ನಷ್ಟು ಬಿಗಿಯಾಗಬೇಕು ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಬೈಲಹೊಂಗಲದ ಸಂತೆಯಲ್ಲಿ, ಸವದತ್ತಿಯ ಬಸ್ ನಿಲ್ದಾಣದಲ್ಲಿ, ಕೊನೆಗೆ ನಮ್ಮ ಸ್ವಸಹಾಯ ಸಂಘಗಳ ವಾರದ ಸಭೆಗಳಲ್ಲಿಯೂ ಕೂಡ. ಹೀಗೆ ಹೇಳುವವರಲ್ಲಿ ತಾಯಂದಿರೇ ಹೆಚ್ಚು. ಓದಲಿ ಎಂದು ಧಾರವಾಡಕ್ಕೋ ಬೆಳಗಾವಿಗೋ ಕಳಿಸಿದ ಮಗ ಕಣ್ಣು ಕೆಂಪು ಮಾಡಿಕೊಂಡು, ಮಾತು ಮರೆತವನಂತೆ ಮನೆಗೆ ಬಂದರೆ ಯಾವ ತಾಯಿಗೆ ಸಿಟ್ಟು ಬರುವುದಿಲ್ಲ? ಆ ಸಿಟ್ಟನ್ನು ನಾನು ಹಗುರವಾಗಿ ಕಾಣುವವಳಲ್ಲ. ಎಷ್ಟೋ ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದೇನೆ. ಮುಂದಿನ ಬೆಂಚಿನ ಜಾಣ ಹುಡುಗ ವರ್ಷದೊಳಗೆ ಹಿಂದಿನ ಬೆಂಚಿಗೆ ಸರಿದು, ಆಮೇಲೆ ಹಾಜರಿ ಪುಸ್ತಕದಿಂದಲೇ ಮಾಯವಾದದ್ದನ್ನು ಕಂಡಿದ್ದೇನೆ.

ಆದರೂ ಗೆಳತಿಯರೇ, ಸಣ್ಣ ಪೊಟ್ಟಣ ಇಟ್ಟುಕೊಂಡವನಿಗೆ ಶಿಕ್ಷೆ ಹೆಚ್ಚಿಸಿ ಎಂಬ ಮನವಿಗೆ ನಮ್ಮ ಸಂಘಗಳು ಸಹಿ ಹಾಕಬಾರದೆಂಬುದು ನನ್ನ ಅಭಿಪ್ರಾಯ. ಮಾರುವವನ ಮೇಲಿನ ಕ್ರಮಕ್ಕೆ ನನ್ನ ತಕರಾರಿಲ್ಲ. ಸೇದುವವನ ಶಿಕ್ಷೆಯ ಬಗ್ಗೆ ಮಾತ್ರ ನಾನು ಹೇಳುತ್ತಿರುವುದು.

ಮೊದಲು ಕಾನೂನು ಈಗ ಏನು ಹೇಳುತ್ತದೆ ನೋಡೋಣ. ಇದು ರಾಜ್ಯದ ಕಾನೂನಲ್ಲ, ಸಂಸತ್ತು ಮಾಡಿದ 1985ರ ಮಾದಕ ದ್ರವ್ಯಗಳ ಕಾಯ್ದೆ. ಎನ್‌ಡಿಪಿಎಸ್ ಎಂದು ಪತ್ರಿಕೆಗಳು ಬರೆಯುವುದು ಇದನ್ನೇ. ಇದರ ಪ್ರಕಾರ ಗಾಂಜಾ 1 ಕಿಲೋವರೆಗೆ ಇದ್ದರೆ ಸಣ್ಣ ಪ್ರಮಾಣ, 20 ಕಿಲೋ ಮೀರಿದರೆ ವ್ಯಾಪಾರಿ ಪ್ರಮಾಣ. ಸಣ್ಣ ಪ್ರಮಾಣಕ್ಕೆ 1 ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಡುವಿನ ಪ್ರಮಾಣಕ್ಕೆ 10 ವರ್ಷದವರೆಗೆ, ವ್ಯಾಪಾರಿ ಪ್ರಮಾಣಕ್ಕೆ ಕನಿಷ್ಠ 10, ಗರಿಷ್ಠ 20 ವರ್ಷ. ಹೊಲದಲ್ಲಿ ಗಿಡ ಬೆಳೆದರೂ 10 ವರ್ಷದವರೆಗೆ ಶಿಕ್ಷೆ ಇದೆ. ಕಬ್ಬಿನ ಸಾಲಿನ ನಡುವೆ ನಾಲ್ಕು ಗಿಡ ನಾಟಿದರೆ ಏನಾದೀತು ಎನ್ನುವವರು ಇದನ್ನು ತಿಳಿದಿರಲಿ. ಅಂದರೆ ಕಾನೂನು ಸಡಿಲವಾಗಿದೆ ಎಂಬ ಮಾತೇ ಸರಿಯಲ್ಲ.

ಇನ್ನು ಬಿಗಿ ಮಾಡಿ ನೋಡಿದ್ದೂ ಆಗಿದೆ. 1985ರಲ್ಲಿ ಕಾಯ್ದೆ ಬಂದಾಗ ಹೆಚ್ಚಿನ ಅಪರಾಧಗಳಿಗೆ ಕನಿಷ್ಠ ಶಿಕ್ಷೆಯೇ 10 ವರ್ಷವಾಗಿತ್ತು. 1988ರಲ್ಲಿ, ದೊಡ್ಡ ಪ್ರಮಾಣದಲ್ಲಿ ಎರಡನೇ ಬಾರಿ ಸಿಕ್ಕವರಿಗೆ ಮರಣದಂಡನೆಯನ್ನೂ ಸೇರಿಸಿದರು. ಫಲವೇನಾಯಿತು? ದೊಡ್ಡ ಕಳ್ಳಸಾಗಣೆದಾರನಿಗೂ ಚಟಕ್ಕೆ ಬಿದ್ದ ಬಡವನಿಗೂ ಒಂದೇ ತಕ್ಕಡಿ ಹಿಡಿದಂತಾಯಿತೆಂದು ಸರಕಾರವೇ ಕಂಡುಕೊಂಡು, 2001ರಲ್ಲಿ ತಿದ್ದುಪಡಿ ತಂದು ಸಣ್ಣದು, ದೊಡ್ಡದು ಎಂದು ವಿಂಗಡಿಸಬೇಕಾಯಿತು. 2014ರಲ್ಲಿ ಸಣ್ಣ ಪ್ರಮಾಣದ ಶಿಕ್ಷೆಯನ್ನು 6 ತಿಂಗಳಿಂದ 1 ವರ್ಷಕ್ಕೆ ಏರಿಸಿದರು. 2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೇ, ಸ್ವಂತಕ್ಕೆ ಇಟ್ಟುಕೊಂಡ ಸಣ್ಣ ಪ್ರಮಾಣವನ್ನು ಅಪರಾಧವೆನ್ನದೆ ಚಿಕಿತ್ಸೆಗೆ ಕಳಿಸುವುದೊಳಿತು ಎಂದು ಸಲಹೆ ಕೊಟ್ಟಿತು. ಏರಿಸು, ಇಳಿಸು ಎಂದು ಈ ಜಗ್ಗಾಟ ನಲವತ್ತು ವರ್ಷಗಳಿಂದ ನಡೆದಿದೆ. ಈ ನಲವತ್ತು ವರ್ಷಗಳಲ್ಲಿ ಗಾಂಜಾ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಪಾರ್ಲಿಮೆಂಟಿನ ಮಾತು ಸಾಕು, ನಮ್ಮ ಅಡುಗೆಮನೆಗೆ ಬರೋಣ. ಪೊಟ್ಟಣ ಎಲ್ಲಿರುತ್ತದೆ? ಗಂಡಸಿನ ಕಿಸೆಯಲ್ಲಿ ಇದ್ದಷ್ಟೇ ಸಲ ಅದು ಜೋಳದ ಕಣಜದ ಹಿಂದೆ, ಹಾಸಿಗೆಯ ಸುತ್ತಿನೊಳಗೆ, ದೇವರ ಜಗಲಿಯ ಕೆಳಗೆ ಇರುತ್ತದೆ. ಅಂದರೆ ಹೆಣ್ಣುಮಗಳು ದಿನವೂ ಕಸ ಹೊಡೆಯುವ ಜಾಗದಲ್ಲಿ. ಈ ಕಾಯ್ದೆಯಲ್ಲಿ ಹೆಚ್ಚಿನ ಕಾನೂನುಗಳಲ್ಲಿ ಇಲ್ಲದ ಒಂದು ಸಂಗತಿಯಿದೆ. ವಸ್ತು ಯಾರ ವಶದಲ್ಲಿ ಸಿಕ್ಕಿತೋ ಅವರಿಗೆ ಅದರ ಅರಿವಿತ್ತು ಎಂದೇ ನ್ಯಾಯಾಲಯ ಭಾವಿಸಿಕೊಳ್ಳುತ್ತದೆ. ಅರಿವಿರಲಿಲ್ಲ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಹೊಣೆ ಆರೋಪಿಯದು. ತನ್ನ ಮನೆಯನ್ನು ಇಂಥ ಕೆಲಸಕ್ಕೆ ತಿಳಿದೂ ಬಿಟ್ಟುಕೊಟ್ಟವರಿಗೆ 25ನೇ ಕಲಮಿನಲ್ಲಿ ಪ್ರತ್ಯೇಕ ಶಿಕ್ಷೆ. ಆಶ್ರಯ ಯೋಜನೆಯ ಮನೆಗಳು ಹೆಣ್ಣುಮಕ್ಕಳ ಹೆಸರಿನಲ್ಲಿರಬೇಕು ಎಂದು ಹೋರಾಡಿದವರು ನಾವು. ಗಂಡನೋ ಮಗನೋ ತಂದಿಟ್ಟದ್ದಕ್ಕೆ ಅದೇ ಹಕ್ಕುಪತ್ರ ಅವಳ ವಿರುದ್ಧದ ಕಾಗದವಾಗುವ ದಿನ ಬಂದರೆ ಏನು ಹೇಳೋಣ? 'ನನಗ ಗೊತ್ತಿರಲಿಲ್ಲ' ಎಂದರೆ ನಂಬುವವರಾರು? ಗೊತ್ತಿದ್ದರೂ ಅವಳು ಹೇಳುವುದಾದರೂ ಹೇಗೆ, ಹೇಳಿದರೆ ರಾತ್ರಿ ಬೀಳುವ ಏಟು ಅವಳಿಗೆ ತಾನೆ?

ಇಂಥದೊಂದು ಮನೆಯನ್ನು ನಾನು ಹತ್ತಿರದಿಂದ ಬಲ್ಲೆ. ಊರು, ಹೆಸರು ಬೇಡ. ಗಂಡ ಹಮಾಲಿ. ಕುಡಿತವಿತ್ತು, ಜೊತೆಗೆ ಚಿಲುಮೆಯೂ ಅಂಟಿಕೊಂಡಿತು. ಏಳೆಂಟು ವರ್ಷ ಹೊಡೆಸಿಕೊಂಡಳು. ಎರಡು ಸಲ ದೂರು ಕೊಡಲು ಹೋದಾಗ 'ಗಂಡ ಹೆಂಡಿರ ಜಗಳ' ಎಂದು ಸಮಾಧಾನ ಹೇಳಿ ಕಳಿಸಿದರು. ಮೂರನೇ ಸಲ ಅವನ ಕಿಸೆಯಲ್ಲಿ ಅಂಗೈಯಷ್ಟು ಗಾಂಜಾ ಸಿಕ್ಕಿತು; ಆಗ ಮಾತ್ರ ಒಂದು ಗಂಟೆಯೊಳಗೆ ಜೀಪು ಬಂತು. ಮುಂದಿನ ಕತೆ ನಿಮಗೆ ಗೊತ್ತಿರುವುದೇ. ವಕೀಲರ ಫೀಸಿಗೆ ಸಂಘದಿಂದ ಸಾಲ, ಜಾಮೀನಿಗೆ ಅಣ್ಣನ ಹೊಲದ ಉತಾರ, ಅತ್ತೆಯ ಬೈಗುಳ. ಅವಳು ನನ್ನ ಮುಂದೆ ಆಡಿದ ಮಾತು ಇದು: "ಅಂವ ಹೊಡಿಯೂ ಮುಂದ ಯಾರೂ ಬರಲಿಲ್ರೀ ಅಕ್ಕಾರ. ಈಗ ಅಂವನ್ನ ಬಿಡಿಸ್ಕೊಂಡ ಬಾ ಅಂತ ಎಲ್ಲಾರೂ ನನಗs ಹೇಳಾಕತ್ತಾರ."

ಅವನು ಕೆಲವು ವಾರಗಳಲ್ಲಿ ಹೊರಬಂದ. ಸಾಲ ಅವಳ ಪಾಸುಬುಕ್ಕಿನಲ್ಲಿ ಎರಡು ವರ್ಷ ಉಳಿಯಿತು.

ಶಿಕ್ಷೆ ಏರಿಸಿದರೆ ಈ ಹೊರೆ ಇನ್ನೂ ಬೆಳೆಯುತ್ತದೆ ಎಂಬುದಕ್ಕೆ ಲೆಕ್ಕದ ಕಾರಣವೂ ಇದೆ. ಇವತ್ತು ಸಣ್ಣ ಪ್ರಮಾಣದ ಪ್ರಕರಣ ತಾಲೂಕಿನ ಮ್ಯಾಜಿಸ್ಟ್ರೇಟರ ಮುಂದೆ ನಡೆಯಬಹುದು. ಶಿಕ್ಷೆ 3 ವರ್ಷ ಮೀರಿದ ಕೂಡಲೆ ಇದೇ ಕಾಯ್ದೆಯ ಪ್ರಕಾರ ಅದು ವಿಶೇಷ ನ್ಯಾಯಾಲಯಕ್ಕೇ ಹೋಗಬೇಕು, ಅಂದರೆ ಜಿಲ್ಲಾ ಕೇಂದ್ರಕ್ಕೆ. ರಾಮದುರ್ಗದ ನೇಕಾರ ಹೆಣ್ಣುಮಗಳು ಸುಮಾರು 100 ಕಿಲೋಮೀಟರ್ ದೂರದ ಬೆಳಗಾವಿಗೆ ತಾರೀಖಿಗೊಮ್ಮೆ ಅಲೆಯಬೇಕು. 2023ರಿಂದ ಬಸ್ ಟಿಕೆಟ್ ಬಿಟ್ಟಿ ನಿಜ. ಮಗ್ಗದಿಂದ ಎದ್ದು ಹೋದ ದಿನದ ಕೂಲಿ ಯಾವ ಯೋಜನೆಯಲ್ಲಿ ಬರುತ್ತದೆ? ಗಂಡ ಹಿಂಡಲಗಾ ಜೈಲಿನಲ್ಲಿ, ಮಕ್ಕಳು ನೆರೆಮನೆಯಲ್ಲಿ, ಇವಳು ಕೋರ್ಟಿನ ಕಟ್ಟೆಯ ಮೇಲೆ.

ಬಿಹಾರದ ಉದಾಹರಣೆ ನಮ್ಮ ಕಣ್ಣ ಮುಂದಿದೆ. ಅಲ್ಲಿ 2016ರಲ್ಲಿ ಪಾನನಿಷೇಧ ಬಂದದ್ದು ಹೆಣ್ಣುಮಕ್ಕಳು ಕೇಳಿದ್ದರಿಂದಲೇ. ಆದರೆ ಕುಡಿದು ಸಿಕ್ಕವನಿಗೆ ವರ್ಷಗಟ್ಟಲೆ ಸಜೆ, ಮನೆಯಲ್ಲಿ ಬಾಟಲಿ ಸಿಕ್ಕರೆ ವಯಸ್ಸಿಗೆ ಬಂದ ಮನೆಯವರೆಲ್ಲ ಹೊಣೆ ಎಂದು ಬರೆದ ಕಾನೂನಿನಿಂದ ಜೈಲು ತುಂಬಿತು, ಹೈಕೋರ್ಟು ಜಾಮೀನು ಅರ್ಜಿಗಳಿಂದ ತುಂಬಿತು. 2021ರ ಡಿಸೆಂಬರಿನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು ದೂರದೃಷ್ಟಿಯಿಲ್ಲದೆ ಬರೆದ ಕಾನೂನಿಗೆ ಇದನ್ನೇ ಉದಾಹರಣೆಯಾಗಿ ಕೊಟ್ಟರು. 2018ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ ತಿದ್ದಿ, ಮೊದಲ ಸಲ ಕುಡಿದು ಸಿಕ್ಕವನನ್ನು ದಂಡ ಕಟ್ಟಿಸಿಕೊಂಡು ಬಿಡುವಂತೆ ಮಾಡಿದರು.

'ವರದಕ್ಷಿಣೆಗೆ ಕಠಿಣ ಶಿಕ್ಷೆ ಕೇಳಿದವರು ನೀವೇ ಅಲ್ಲವೇ, ಇಲ್ಲಿ ಮಾತ್ರ ಯಾಕೆ ಬೇಡ?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಹೌದು, ಕೇಳಿದ್ದೆವು. 1961ರ ಕಾಯ್ದೆಯಲ್ಲಿ 6 ತಿಂಗಳು ಇದ್ದ ಶಿಕ್ಷೆ 1986ರ ಹೊತ್ತಿಗೆ ಕನಿಷ್ಠ 5 ವರ್ಷಕ್ಕೆ ಏರಿತು; 1983ರಲ್ಲಿ 498ಎ ಬಂತು. ಅಲ್ಲಿ ಹೊಡೆಸಿಕೊಂಡವಳು, ಸುಟ್ಟುಕೊಂಡವಳು ಒಬ್ಬಳಿದ್ದಳು. ಕಾನೂನು ಅವಳ ಕೈಗೆ ಬಂದ ಆಯುಧ, ದೂರು ಅವಳದು. ಗಾಂಜಾದ ಪ್ರಕರಣದಲ್ಲಿ ದೂರು ಪೋಲೀಸರದು. ಅವಳು ಸಾಕ್ಷಿಯಲ್ಲ, ನೊಂದವಳೂ ಅಲ್ಲ. ಆದರೆ ಜಾಮೀನುದಾರಳು, ಕೆಟ್ಟರೆ ಆರೋಪಿ. ಅವನು ಅವಳಿಗೆ ಮಾಡಿದ ಅನ್ಯಾಯ ಆ ಕಡತದಲ್ಲಿ ಎಲ್ಲಿಯೂ ಬರುವುದಿಲ್ಲ. ಇನ್ನೊಂದು ಮಾತು. ವರದಕ್ಷಿಣೆ ಕಾಯ್ದೆಯಲ್ಲಿ ಕೊಟ್ಟವನೂ ಅಪರಾಧಿ ಎಂದು ಬರೆದಿದ್ದರಿಂದ ಹೆಣ್ಣು ಹೆತ್ತ ತಂದೆ ಬಾಯಿ ಬಿಡಲು ಹೆದರುತ್ತಿದ್ದ. ಕೊನೆಗೆ ನೊಂದವರ ಹೇಳಿಕೆಗೆ ರಕ್ಷಣೆ ಕೊಡುವ ತಿದ್ದುಪಡಿಯನ್ನೇ ತರಬೇಕಾಯಿತು. ಸಿಕ್ಕಿಬೀಳುವ ಭಯ ಎಲ್ಲಿ ಹೆಚ್ಚುತ್ತದೋ ಅಲ್ಲಿ ಮನೆಯವರು ಬಾಯಿ ಮುಚ್ಚುತ್ತಾರೆ.

ಸವದತ್ತಿಯ ಗುಡ್ಡದ ಮಗ್ಗುಲಲ್ಲಿ ಬದುಕುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ 1982ರ ಕಾಯ್ದೆ ಮುತ್ತು ಕಟ್ಟಿದವರಿಗೆ 3 ವರ್ಷ, ಹೆತ್ತವರಾದರೆ 5 ವರ್ಷದವರೆಗೆ ಶಿಕ್ಷೆ ಎಂದಿತು. ಕಾಯ್ದೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಮೊದಲು ಆದದ್ದೇನೆಂದರೆ ಗುಡ್ಡದ ಮೇಲೆ ಹಗಲಲ್ಲಿ ಆಗುತ್ತಿದ್ದುದು ಮನೆಯೊಳಗೆ ರಾತ್ರಿ ಆಗತೊಡಗಿತು. ನಿಜವಾದ ಬದಲಾವಣೆ ಬಂದದ್ದು ಆ ಹೆಣ್ಣುಮಕ್ಕಳೇ ಸಂಘ ಕಟ್ಟಿಕೊಂಡಾಗ. 1997ರಲ್ಲಿ ಹುಟ್ಟಿದ ಘಟಪ್ರಭಾದ 'ಮಾಸ್' ಸಂಸ್ಥೆಯನ್ನು ಮಾಜಿ ದೇವದಾಸಿಯರೇ ನಡೆಸಿದರು. ಅದರ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರು ಮನೆ ಮನೆಗೆ ಹೋಗಿ ಮಾತಾಡಿದರು, ಮಕ್ಕಳನ್ನು ಶಾಲೆಗೆ ಹಚ್ಚಿದರು, ಉಳಿತಾಯ ಮಾಡಿಸಿದರು. ಜೈಲಿನಿಂದ ಆಗದ್ದು ಇದರಿಂದ ಆಯಿತು.

ಇನ್ನು ನಮ್ಮ ಮನೆಗಳಲ್ಲಿ ನಿಜವಾಗಿ ಹೊಡೆತಕ್ಕೆ ಕಾರಣವಾಗಿರುವ ಅಮಲು ಯಾವುದು? 2019ರಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯವರು ಸರಕಾರಕ್ಕಾಗಿ ಮಾಡಿದ ದೇಶವ್ಯಾಪಿ ಸಮೀಕ್ಷೆಯಲ್ಲಿ ಮದ್ಯ ಕುಡಿಯುವವರು ಸುಮಾರು 16 ಕೋಟಿ. ಭಂಗಿ, ಗಾಂಜಾ, ಚರಸ್ ಎಲ್ಲ ಸೇರಿ ಸುಮಾರು 3.1 ಕೋಟಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಗಂಡ ಮೇಲಿಂದ ಮೇಲೆ ಕುಡಿದು ಬರುವ ಹೆಂಗಸರಲ್ಲಿ ನೂರಕ್ಕೆ 70 ಮಂದಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರು. ಗಂಡ ಕುಡಿಯದವರಲ್ಲಿ 23 ಮಂದಿ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಸಂಖ್ಯೆ ನೂರಕ್ಕೆ 44, ಹಿಂದಿನ ಸುತ್ತಿನ ಎರಡು ಪಟ್ಟು. ನಮ್ಮಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಅದರ ಜಾಗಕ್ಕೆ ಬಂದ ಅಗ್ಗದ ಮದ್ಯದಿಂದ ಹಿಡಿದು ದುಬಾರಿ ಬಾಟಲಿಯವರೆಗೆ ಎಲ್ಲದರಿಂದ 2025-26ರ ರಾಜ್ಯ ಬಜೆಟ್ಟು ನಿರೀಕ್ಷಿಸಿದ ಅಬಕಾರಿ ಆದಾಯ 40,000 ಕೋಟಿ ರೂಪಾಯಿ. ಒಂದು ಅಮಲು ಖಜಾನೆಗೆ, ಇನ್ನೊಂದು ಜೈಲಿಗೆ! ಗಾಂಜಾ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಹದಿಹರೆಯದ ಮಿದುಳಿಗೆ ಅದು ಕೆಡುಕು, ಕೆಲವರಿಗೆ ಬುದ್ಧಿಭ್ರಮೆಯನ್ನೇ ತರುತ್ತದೆ. ಆದರೆ ಮನೆಯ ಹಿಂಸೆಯನ್ನು ನಿಲ್ಲಿಸುವ ಕಾನೂನು ಇದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ವಿರುದ್ಧ ವಾದದಲ್ಲಿ ಒಂದು ಮಾತನ್ನು ನಾನು ಒಪ್ಪುತ್ತೇನೆ. 1 ಕಿಲೋ ಗಾಂಜಾ ಯಾವ ಸೇದುವವನ ಕಿಸೆಯಲ್ಲಿಯೂ ಹಿಡಿಯುವುದಿಲ್ಲ. ಈ ಮಿತಿಯನ್ನು ಬಳಸಿಕೊಂಡು ಮುಕ್ಕಾಲು ಕಿಲೋ ಹೊತ್ತು ಕಾಲೇಜುಗಳ ಸುತ್ತ ಮಾರುವವನು 'ಸಣ್ಣ ಪ್ರಮಾಣ' ಎಂದು ಪಾರಾಗುತ್ತಾನೆ. ಅದಕ್ಕೆ ಮಿತಿಯನ್ನು ಇಳಿಸಲಿ, ಮಾರಾಟದ ಸಾಕ್ಷ್ಯ ಕೇಳಲಿ. ಪೋರ್ಚುಗಲ್ ದೇಶ 2001ರಲ್ಲಿ ಹಾಗೆ ಮಾಡಿತು: ಹತ್ತು ದಿನದ ಸ್ವಂತ ಬಳಕೆಯ ಪ್ರಮಾಣದವರೆಗೆ ಅಪರಾಧವಲ್ಲ, ಕೋರ್ಟಿನ ಬದಲು ಸಮಾಲೋಚಕರಿರುವ ಸಮಿತಿಯ ಮುಂದೆ ಹಾಜರಿ, ಮಾರಿದರೆ ಮಾತ್ರ ಜೈಲು. ನಮ್ಮ ಪಕ್ಕದ ಹುಬ್ಬಳ್ಳಿ-ಧಾರವಾಡದಲ್ಲಿ 2024ರಲ್ಲಿ ಪೋಲೀಸರು ಸೇದುವ ಹುಡುಗರನ್ನು ಗುಂಪಾಗಿ ಕರೆತಂದು ವೈದ್ಯಕೀಯ ಪರೀಕ್ಷೆ ಮಾಡಿಸಿದರು. ಪರೀಕ್ಷೆ ಮಾಡಿಸಿದ್ದು ಸರಿಯೇ ಇರಬಹುದು. ಪರೀಕ್ಷೆಯ ಚೀಟಿ ವೈದ್ಯರ ಕೈಗೆ ಹೋಗುತ್ತದೆಯೋ ಕೇಸಿನ ಕಡತಕ್ಕೋ ಎಂಬುದೇ ನನ್ನ ಪ್ರಶ್ನೆ.

ಯಾಕೆಂದರೆ ಚಿಕಿತ್ಸೆಯ ದಾರಿ ಈ ಕಾಯ್ದೆಯಲ್ಲಿಯೇ ಇದೆ, ಯಾರೂ ಹೇಳುವುದಿಲ್ಲ ಅಷ್ಟೆ. 64ಎ ಕಲಮಿನಂತೆ, ಸಣ್ಣ ಪ್ರಮಾಣದೊಂದಿಗೆ ಸಿಕ್ಕ ವ್ಯಸನಿ ತಾನಾಗಿ ಮುಂದೆ ಬಂದು ಸರಕಾರ ಒಪ್ಪಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ನಡುವೆ ಬಿಟ್ಟು ಓಡಿದರೆ ಈ ರಕ್ಷಣೆ ಹೋಗುತ್ತದೆ. 39ನೇ ಕಲಮಿನಂತೆ ನ್ಯಾಯಾಧೀಶರು ಜೈಲಿನ ಬದಲು ಚಿಕಿತ್ಸೆಗೆ ಕಳಿಸಬಹುದು. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಕಿತ್ತೂರಿನಿಂದ ಒಂದು ಗಂಟೆಯ ದಾರಿ. ವಕೀಲರ ಫೀಸಿಗೆ ಸಂಘದ ಸಾಲ ಎತ್ತುವ ಮೊದಲು ಇದನ್ನೂ ತಿಳಿಯಿರಿ: 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಯಾವುದೇ ಹೆಣ್ಣುಮಗಳಿಗೆ, ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡಬೇಕು. ಫೋನು ಸಂಖ್ಯೆ 15100. ಮನೆ ಶೋಧಿಸಲು ಬಂದಾಗ ಹೆಣ್ಣುಮಗಳ ಮೈ ಮುಟ್ಟಿ ತಪಾಸಣೆ ಮಾಡುವ ಅಧಿಕಾರ ಇನ್ನೊಬ್ಬ ಹೆಣ್ಣುಮಗಳಿಗೆ ಮಾತ್ರ. ಗಂಡನ ಅಮಲು ಯಾವುದೇ ಇರಲಿ, ಕೈ ಎತ್ತಿದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿ. ಅವನನ್ನು ಜೈಲಿಗೆ ಕಳಿಸದೆಯೇ ಅವಳು ಮನೆಯಲ್ಲಿರುವ ಹಕ್ಕನ್ನೂ ಜೀವನಾಂಶವನ್ನೂ ಕೇಳಬಹುದು.

ಆದ್ದರಿಂದ ಮುಂದಿನ ತಿಂಗಳ ಒಕ್ಕೂಟದ ಸಭೆಯಲ್ಲಿ ಶಿಕ್ಷೆ ಹೆಚ್ಚಿಸುವ ಮನವಿ ಬಂದರೆ, ಅದರ ಬದಲು ಬೇರೆ ಅರ್ಜಿ ಬರೆಯೋಣ. ನಾಲ್ಕೂ ತಾಲೂಕಿನ ಸರಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನವಾದರೂ ವ್ಯಸನ ಬಿಡಿಸುವ ವೈದ್ಯರು ತಪ್ಪದೆ ಕೂರಬೇಕು, 64ಎ ಕಲಮಿನ ಮಾತನ್ನು ಪ್ರತಿ ಠಾಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು, ಹೆಂಡತಿಯ ದೂರಿಗೂ ಗಾಂಜಾದ ಸುಳಿವಿಗೆ ಬರುವಷ್ಟೇ ವೇಗದಲ್ಲಿ ಜೀಪು ಬರಬೇಕು. ಅರ್ಜಿ ತಹಶೀಲ್ದಾರರಿಗೆ ಒಂದು, ಬೈಲಹೊಂಗಲದ ಉಪವಿಭಾಗಾಧಿಕಾರಿಗಳಿಗೆ ಒಂದು. ಬರೆದು ಕೊಡಲು ಬರುವುದಿಲ್ಲ ಎನ್ನುವ ಸಂಘದವರು ಹೇಳಿ ಕಳಿಸಿದರೆ ನಾನೇ ಬಂದು ಬರೆದುಕೊಡುತ್ತೇನೆ. ನಿವೃತ್ತಳಾದ ಮೇಲೆ ಮಂಗಳವಾರ, ಶುಕ್ರವಾರ ನನಗೆ ಬಿಡುವಿದೆ.